ಲೋಗೋದಲ್ಲಿ ಒಂದೇ ಚಿತ್ರ ಉಳಿಸಿಕೊಳ್ಳಿ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಮನೆಯೂಟದ ಡಬ್ಬಿ ವ್ಯವಹಾರ ಆರಂಭಿಸುತ್ತಿದ್ದೀರಿ. ಲೋಗೋದಲ್ಲಿ ತೆಂಗಿನಮರ, ಇಡ್ಲಿ, ಯಕ್ಷಗಾನದ ಮುಂದಲೆ (ವೇಷಧಾರಿಯ ತಲೆಯ ಅಲಂಕಾರ) ಮೂರೂ ಇರಲಿ ಎಂದುಕೊಂಡಿದ್ದೀರಿ, ಸರಿಯೇ ಎಂದು ಕೇಳಿದ್ದೀರಿ. ಬೇಡ, ಒಂದೇ ಸಾಕು. ನಾನಾದರೆ ಕೇದಗೆ ಮುಂದಲೆಯನ್ನು ಆರಿಸಿಕೊಳ್ಳುತ್ತಿದ್ದೆ. ಅದರ ಹೊರರೇಖೆಯೊಂದೇ ಇದ್ದರೂ ನಮ್ಮ ಊರ ಕಡೆಯವರು ಗುರುತು ಹಿಡಿಯುತ್ತಾರೆ.

ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ನನ್ನ ಅಂಗಡಿಗೆ ನಾಲ್ಕು ಬಣ್ಣದ ಲೋಗೋ ಮಾಡಿಸಿದ್ದೆ. ಬಿಲ್ಲಿನ ಮೇಲೆ ಕಪ್ಪು ಬಣ್ಣದಲ್ಲಿ ಮುದ್ರಿಸಿದಾಗ ದೀಪದ ಕುಡಿ, ಹಣತೆ, ಅಕ್ಷರ ಎಲ್ಲವೂ ಒಂದಕ್ಕೊಂದು ಅಂಟಿ ಬರೀ ಮಸಿಯ ಕಲೆಯಾಯಿತು. ಬಹಳ ನೊಂದುಕೊಂಡೆ. ನೀವು ಮೊದಲೇ ಕಪ್ಪು-ಬಿಳುಪಿನಲ್ಲಿ, ಹೆಬ್ಬೆರಳ ಉಗುರಿನಷ್ಟು ಗಾತ್ರದಲ್ಲಿ ಮುದ್ರಿಸಿ ನೋಡಿ. ವಾಟ್ಸಾಪ್ ಪ್ರೊಫೈಲ್ ಚಿತ್ರವನ್ನು ದುಂಡಗೆ ಕತ್ತರಿಸುತ್ತದೆ, ಉದ್ದ ಹೆಸರಿನ ತುದಿಗಳು ಹೋಗಿಬಿಡುತ್ತವೆ. ಮುಂಬೈಯ ಡಬ್ಬಾವಾಲರನ್ನೇ ನೋಡಿ: ಮುಚ್ಚಳದ ಮೇಲೆ ಕೆಲವೇ ಅಕ್ಷರ, ಅಂಕಿ, ಬಣ್ಣ. ರೈಲು ನಿಲ್ದಾಣದ ನೂಕುನುಗ್ಗಲಿನಲ್ಲೂ ಅಷ್ಟೇ ಸಾಕಾಗುತ್ತದೆ.

ಅಂಗಡಿಗೆ ನಾಮಫಲಕ ಹಾಕುವುದಾದರೆ, ಮಹಾರಾಷ್ಟ್ರದ 2022ರ ತಿದ್ದುಪಡಿಯಂತೆ ದೇವನಾಗರಿಯಲ್ಲಿ ಮರಾಠಿ ಹೆಸರು ಕಡ್ಡಾಯ. ಅದು ಬೇರೆ ಲಿಪಿಗಿಂತ ಚಿಕ್ಕದಿರಬಾರದು. ಜೊತೆಗೆ ಕನ್ನಡವೂ ಖಂಡಿತ ಇರಲಿ. ವಿನ್ಯಾಸಕಾರರಿಂದ ಎಷ್ಟು ಹಿಗ್ಗಿಸಿದರೂ ಮಸುಕಾಗದ ಎಸ್‌ವಿಜಿ ಕಡತವನ್ನು ತಪ್ಪದೆ ಕೇಳಿ ಪಡೆಯಿರಿ. ಸಣ್ಣ ಜೆಪೆಗ್ ಚಿತ್ರವನ್ನು ಫಲಕದ ಗಾತ್ರಕ್ಕೆ ಹಿಗ್ಗಿಸಿದರೆ ಅಂಚುಗಳು ಮಸುಕಾಗುತ್ತವೆ.