ಆರಾಮ ಅನಿಸಿದ ದಿನವೂ ಅಷ್ಟೇ ಕೆಲಸ

ಪ್ರಶ್ನೆ: ನನಗೆ 43 ವರ್ಷ. ದಾವಣಗೆರೆಯ ನಿಟುವಳ್ಳಿಯಲ್ಲಿದ್ದೇವೆ. ಮೂರು ವರ್ಷದಿಂದ ರುಮಟಾಯ್ಡ್ ಸಂಧಿವಾತ ಇದೆ. ಬೆಳಗ್ಗೆ ಬೆರಳು ಮಡಚಲು ಬರುವುದಿಲ್ಲ. ಆದರೂ ಐದಕ್ಕೆ ಎದ್ದು ಅಂಗಳ ತೊಳೆದು, ರಂಗೋಲಿ ಹಾಕಿ, ರೊಟ್ಟಿ ತಟ್ಟಬೇಕು. ಸಂಜೆ ಸ್ವಲ್ಪ ಹಗುರಾಗುತ್ತದೆ. ಆಗ ಅತ್ತೆ, ‘ಈಗ ಚೆನ್ನಾಗೇ ಇದ್ದೀಯಲ್ಲ, ಬೆಳಗ್ಗೆ ಮಾತ್ರ ಎಂಥ ನೋವು?’ ಅನ್ನುತ್ತಾರೆ. ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದಾಗ ಎಲ್ಲ ನಾನೇ ಮಾಡಿ, ಆಮೇಲೆ ವಾರವಿಡೀ ಹಾಸಿಗೆ ಹಿಡಿದೆ. ಗಂಡ ಮಂಡಿಪೇಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ, ಮಗಳು ಪಿಯುಸಿ. ಕೆಲಸ ಬಿಟ್ಟರೆ ಸೋಮಾರಿ ಅಂದುಕೊಳ್ಳುತ್ತಾರೆ ಎಂಬ ಭಯ. ಏನು ಬಿಡಲಿ, ಏನು ಇಟ್ಟುಕೊಳ್ಳಲಿ?

ಉತ್ತರ: ತಂಗಿ, ಮೊದಲು ಆ ‘ಸೋಮಾರಿ’ ಅನ್ನುವ ಮಾತನ್ನು ತಲೆಯಿಂದ ತೆಗೆಯಿರಿ. ಬೆಳಗ್ಗೆ ಕೀಲು ಬಿಗಿದುಕೊಳ್ಳುವುದು, ಸಂಜೆಗೆ ಸಡಿಲಾಗುವುದು ಈ ಕಾಯಿಲೆಯ ಗುಣವೇ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ, ಅಲ್ಲಿ ಊತ ಬರುತ್ತದೆ. ಸುಸ್ತು ಕೂಡ ಅದರದೇ ಭಾಗ.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಜಾತ್ರೆಯ ಮಾತು. ಸ್ವಲ್ಪ ಆರಾಮ ಅನಿಸಿದ ಕೂಡಲೇ ಬಾಕಿ ಕೆಲಸವನ್ನೆಲ್ಲ ಒಂದೇ ಸಲ ಮುಗಿಸಿಬಿಡುತ್ತೀರಿ, ಆಮೇಲೆ ಮಲಗುತ್ತೀರಿ. ನೋವು ಬಂದ ಮೇಲೆ ಕೆಲಸ ನಿಲ್ಲಿಸಿದರೆ ತಡವಾಯಿತು. ಚೆನ್ನಾಗಿರುವ ದಿನವೂ ಕಷ್ಟದ ದಿನದಲ್ಲಿ ಮಾಡಬಹುದಾದಷ್ಟೇ, ಇಲ್ಲ ಒಂದು ಚೂರು ಜಾಸ್ತಿ ಮಾಡಿ, ನಿಲ್ಲಿಸಿ. ಇದು ಹೇಳಿದಷ್ಟು ಸುಲಭವಲ್ಲ, ಕೈ ಸುಮ್ನೆ ಕೂರುವುದಿಲ್ಲ. ಆದರೆ ನಿಮ್ಮ ದಿನಚರಿಯಲ್ಲಿ ಬದಲಾಗಬೇಕಾದದ್ದು ಮುಖ್ಯವಾಗಿ ಇದೇ.

ಬೆಳಗಿನ ಕೆಲಸವನ್ನು ಆದಷ್ಟು ಸಂಜೆಗೆ ಹಾಕಿ. ತರಕಾರಿ ಹೆಚ್ಚುವುದು, ಪೂಜೆ ಸಾಮಾನು ಜೋಡಿಸುವುದು, ಮಗಳ ಡಬ್ಬಿ ತೆಗೆದಿಡುವುದು ಹಿಂದಿನ ದಿನವೇ ಆಗಲಿ. ಹೆಚ್ಚಲು ಈಳಿಗೆಮಣೆ ಬೇಡ, ಟೇಬಲ್ ಮುಂದೆ ಕುರ್ಚಿ ಹಾಕಿಕೊಂಡು ಚಾಕು ಹಿಡಿಯಿರಿ. ಎದ್ದ ಮೇಲೆ ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು, ಬೆರಳು ಮೆಲ್ಲಗೆ ಆಡಿಸಿ. ಹಾಗಂತ ದಿನವಿಡೀ ಮಲಗಿದರೂ ಕೀಲು ಇನ್ನಷ್ಟು ಬಿಗಿಯುತ್ತದೆ. ಸ್ವಲ್ಪ ಓಡಾಟ ಬೇಕೇ ಬೇಕು.

ರೊಟ್ಟಿ ತಟ್ಟುವುದನ್ನು ಬಿಟ್ಟುಬಿಡಿ. ನಾನು ಇಷ್ಟು ಖಂಡಿತವಾಗಿ ಹೇಳುವ ಕೆಲಸ ಇದೊಂದೇ. ಊದಿದ ಮಣಿಕಟ್ಟಿಗೆ ಹಿಟ್ಟು ನಾದುವುದು, ತಟ್ಟುವುದು ಎರಡೂ ಪೆಟ್ಟೇ. ನಿಮ್ಮ ಊರಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಮಾರುವವರಿದ್ದಾರೆ. ಖಡಕ್ ರೊಟ್ಟಿ ತಂದಿಟ್ಟರೆ ದಿನಗಟ್ಟಲೆ ಕೆಡುವುದಿಲ್ಲ. ಬೆಳಗಿನ ತಿಂಡಿಗೆ ವಾರದಲ್ಲಿ ಎರಡು ಮೂರು ದಿನ ಒಗ್ಗರಣೆ ಮಂಡಕ್ಕಿ ಸಾಕು. ದಾವಣಗೆರೆಯಲ್ಲಿ ಅದಕ್ಕೆ ಯಾರು ಬೇಡ ಅಂದಾರು?

ನಲ್ಲಿ ನೀರು ಬರುವ ದಿನ ಕೊಡ ಎತ್ತಬೇಡಿ. ಪೈಪ್ ಹಾಕಿ ಡ್ರಮ್ಮು ತುಂಬಿಸುವುದು ನಿಮ್ಮ ಯಜಮಾನರ ಕೆಲಸವಾಗಲಿ. ಬಟ್ಟೆ ಹಿಂಡುವುದೂ ಅವರದೇ. ಅಂಗಳಕ್ಕೆ ನೀರು ಹಾಕಿ ಎಳೆ ರಂಗೋಲಿ ಇಡುವುದನ್ನು ಮಗಳು ಐದು ನಿಮಿಷದಲ್ಲಿ ಮುಗಿಸುತ್ತಾಳೆ. ಪೂಜೆ ನಿಮಗೆ ನೆಮ್ಮದಿ ಕೊಡುತ್ತದೆ ಅಂದರೆ ಅದನ್ನು ಇಟ್ಟುಕೊಳ್ಳಿ. ಆದರೆ ಏಳೂವರೆಗೆ ಮಾಡಿದರೂ ಅದು ಪೂಜೆಯೇ ಅಲ್ವಾ?

ಅತ್ತೆಯವರ ವಿಷಯ. ಜೀವನವಿಡೀ ನೋವು ನುಂಗಿಕೊಂಡು ದುಡಿದವರು ಇನ್ನೊಬ್ಬರನ್ನೂ ಅದೇ ಅಳತೆಯಲ್ಲಿ ನೋಡುತ್ತಾರೆ. ಅವರಿಗೆ ನೀವು ಬಾಯಲ್ಲಿ ಹೇಳಿ ಸೋಲುವ ಬದಲು, ಮುಂದಿನ ತಪಾಸಣೆಗೆ ಜೊತೆಯಲ್ಲೇ ಕರೆದುಕೊಂಡು ಹೋಗಿ. ‘ಬೆಳಗ್ಗೆ ನನಗೆ ಯಾಕೆ ಹೀಗಾಗುತ್ತದೆ, ಅತ್ತೆಗೆ ಹೇಳಿ’ ಅಂತ ಡಾಕ್ಟರನ್ನೇ ಕೇಳಿ. ಹೋಗುವ ಮುಂಚೆ ಯಜಮಾನರ ಹತ್ತಿರ ಮಾತಾಡಿ. ಮನೆಯಲ್ಲಿ ಈ ಬದಲಾವಣೆಯನ್ನು ಅವರು ಹೇಳಬೇಕು, ನೀವೊಬ್ಬರೇ ಹೇಳಿದರೆ ಸೊಸೆಯ ನೆಪ ಅನಿಸುತ್ತದೆ.

ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ. ನಿಮಗೆ ಮೆಥೋಟ್ರೆಕ್ಸೇಟ್ ಕೊಟ್ಟಿದ್ದರೆ ಈ ಕಾಯಿಲೆಗೆ ಅದನ್ನು ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳುವುದು. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುಂಡು ಸುತ್ತಿ, ಮಗಳಿಗೂ ತಿಳಿಸಿ. ಆರಾಮಾಯಿತು ಅಂತ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಅದೇ ಕ್ಯಾಲೆಂಡರಿನಲ್ಲಿ, ಬೆಳಗಿನ ಬಿಗಿತ ಎಷ್ಟು ಹೊತ್ತು ಇತ್ತು ಎಂದು ದಿನಾ ಬರೆದಿಡಿ. ಅರ್ಧ ಗಂಟೆಯೋ, ಎರಡು ಗಂಟೆಯೋ. ಔಷಧಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಡಾಕ್ಟರಿಗೆ ಆ ಲೆಕ್ಕ ಬೇಕಾಗುತ್ತದೆ. ಹೋಗುವಾಗ ಆ ಹಾಳೆ ತೆಗೆದುಕೊಂಡು ಹೋಗಿ.