ಖುಷಿಗೆ ಕರೀ ಬಣ್ಣಾನ?

ಪ್ರಶ್ನೆ: ಮಗಳು ಮೂರನೇತ್ತೆ. ಬಣ್ಣ, ಆಕಾರದಾಗ ಮನಸಿನ ಭಾವನೆ ತೋರಸ್ರಿ ಅಂತ ಸಾಲ್ಯಾಗ ಪ್ರಾಜೆಕ್ಟ್ ಕೊಟ್ಟಾರ. ಈಕಿ 'ಖುಷಿ' ಅಂತ ಬರದು ಹಾಳಿ ತುಂಬ ಕರೀ ಕ್ರೆಯಾನ್ ತಿಕ್ಯಾಳ್ರಿ, ಏನರ ತ್ರಾಸ ಐತೇನ್ರಿ ಆಕಿಗೆ?
ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಗಾಬರಿ ಆಗಬ್ಯಾಡ್ರಿ ಅಕ್ಕಾರ, ಒಂದ ಚಿತ್ರ ನೋಡಿ ಹಂಗೆಲ್ಲಾ ಹೇಳಾಕ ಬರಂಗಿಲ್ಲ. ಮೊದಲ ಆಕಿನ್ನ ಕೇಳ್ರಿ, ಇದೇನವ್ವಾ ಅಂತ. ನಮ್ಮ ಕಡೆ ಎರಿ ಹೊಲ ಕರೀನ, ಮಳಿ ಮೋಡಾನೂ ಕರೀನ, ಅವು ಖುಷಿ ಅಲ್ಲೇನ್ರಿ? ಕ್ಯಾಂಡಿನ್ಸ್ಕಿ ಅನ್ನೋ ಕಲಾವಿದ 1923ರ ಸುಮಾರಿಗೆ ಜರ್ಮನಿಯ ಬೌಹೌಸ್ ಸಾಲ್ಯಾಗ ತ್ರಿಕೋನ ಹಳದಿ, ಚೌಕ ಕೆಂಪು, ವೃತ್ತ ನೀಲಿ ಅಂತಿದ್ದ, ಅದನ್ನ ಅಲ್ಲಿಯವ್ರ ಎಲ್ಲಾರೂ ಒಪ್ಪಲಿಲ್ಲ, ಇನ್ನ ಹುಡುಗೋರೇನ್ ಒಪ್ತಾವ! ಬಣ್ಣ ಬದಲ ಮಾಡಂತ ಮಾತ್ರ ಹೇಳಬ್ಯಾಡ್ರಿ. ಊಟ, ನಿದ್ದಿ, ಆಟ ಬಿಟ್ಟು ಮಂಕಾಗ್ಯಾಳಂದ್ರ ಅದು ಬ್ಯಾರೆ ಮಾತು, ಆಗ ಡಾಕ್ಟರಿಗೆ ತೋರಸ್ರಿ.