ಓದುಗರ ಪ್ರಶ್ನೆ, ನಮ್ಮ ಉತ್ತರ: ಫ್ಲೀಸ್ ಜಾಕೆಟ್ ಹೊಲಿಯುವಾಗ

ಪ್ರಶ್ನೆ: ಫ್ಲೀಸ್ ಬಟ್ಟೆಯಲ್ಲಿ ಜಾಕೆಟ್ ಹೊಲಿಯುತ್ತಿದ್ದೇನೆ. ಭುಜದ ಹೊಲಿಗೆ, ಪಕ್ಕದ ಹೊಲಿಗೆ ಎರಡೂ ಅಲೆಅಲೆಯಾಗಿ ನಿಲ್ಲುತ್ತಿವೆ. ನಡುನಡುವೆ ಹೊಲಿಗೆ ತಪ್ಪುತ್ತದೆ. ಇಸ್ತ್ರಿ ಹಾಕಿದರೆ ಸರಿಹೋದೀತೇ?

ಉತ್ತರ: ದಯವಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಗೆ ತಾಗಿಸಬೇಡಿ. ಫ್ಲೀಸ್ ಹೆಚ್ಚಾಗಿ ಪಾಲಿಯೆಸ್ಟರ್. ಮೇಲಿನ ರೋಮ ಕರಗಿ ಹೊಳೆಯುವ ಕಲೆ ಬಿದ್ದರೆ ಮತ್ತೆ ಹೋಗುವುದಿಲ್ಲ.

ಅಲೆ ಏಳುವುದು ಬಟ್ಟೆ ಹಿಗ್ಗಿದ ಸ್ಥಿತಿಯಲ್ಲೇ ದಾರ ಕೂರುವುದರಿಂದ. ಫ್ಲೀಸ್ ದಪ್ಪ, ಜೊತೆಗೆ ಹೆಣಿಗೆಯ ಬಟ್ಟೆ. ಮೇಲಿಂದ ಪ್ರೆಸರ್ ಫುಟ್ (ಸೂಜಿಯ ಬಳಿ ಬಟ್ಟೆಯನ್ನು ಒತ್ತಿಹಿಡಿಯುವ ಪಾದ) ಅದುಮುತ್ತದೆ, ಕೆಳಗಿನ ಹಲ್ಲುಗಳು ಎಳೆಯುತ್ತವೆ, ನಡುವೆ ಸಿಕ್ಕ ಬಟ್ಟೆ ಹಿಗ್ಗುತ್ತದೆ. ಮೊದಲು ಫುಟ್‌ನ ಒತ್ತಡ ಸಡಿಲಿಸಿ. ಹೊಲಿಗೆಯ ಉದ್ದ 3ರಿಂದ 3.5 ಮಿ.ಮೀ. ಇರಲಿ, 2 ಮಿ.ಮೀ. ಇಟ್ಟರೆ ಒತ್ತೊತ್ತಾಗಿ ದಾರ ತುಂಬಿ ಅಂಚು ಇನ್ನಷ್ಟು ಉಬ್ಬುತ್ತದೆ. ಜಿಗ್‌ಜಾಗ್ ಇರುವ ಯಂತ್ರವಾದರೆ ಅಗಲ ಅರ್ಧ ಮಿ.ಮೀ. ಇಡಿ, ತೊಡುವಾಗ ಹೊಲಿಗೆ ಹರಿಯುವುದಿಲ್ಲ. ಹಿಂದಿನಿಂದ ಬಟ್ಟೆ ಎಳೆಯಬಾರದು, ಅದು ತಾನಾಗಿ ಸಾಗಬೇಕು. ಮಿಕ್ಕ ತುಂಡುಗಳನ್ನು ಎರಡು ಪದರ ಮಾಡಿ ಹೊಲಿದು ನೋಡಿದ ಮೇಲೆಯೇ ಜಾಕೆಟ್‌ಗೆ ಕೈಹಾಕಿ.

ಹೊಲಿಗೆ ತಪ್ಪುವುದು ಬಹುಪಾಲು ಸೂಜಿಯಿಂದ. ಹೆಣಿಗೆ ಬಟ್ಟೆಗೆಂದೇ ಇರುವ, ದುಂಡು ಮೊನೆಯ 14 ನಂಬರ್ ಸೂಜಿ ಹಾಕಿ; ತೆಳು ಫ್ಲೀಸ್‌ಗೆ 11 ಅಥವಾ 12 ಸಾಕು. ಹೊಸದನ್ನೇ ಹಾಕಿ, ಹಳೆ ಸೂಜಿಯಲ್ಲಿ ಉಳಿಸುವುದು ಏನೂ ಇಲ್ಲ. ದಾರವೂ ಪಾಲಿಯೆಸ್ಟರ್ ಇರಲಿ. ಫ್ಲೀಸ್ ಬಹಳ ನಾರುಧೂಳು ಉದುರಿಸುತ್ತದೆ. ಬಾಬಿನ್ (ಕೆಳದಾರ ಸುತ್ತಿದ ಉರುಳೆ) ಬದಲಿಸಿದಾಗಲೆಲ್ಲ ಆ ಜಾಗವನ್ನು ಬ್ರಷ್‌ನಿಂದ ಗುಡಿಸಿ.

ಈಗಾಗಲೇ ಎದ್ದ ಅಲೆ ಸಣ್ಣದಾದರೆ ಹಬೆಯ ಇಸ್ತ್ರಿಪೆಟ್ಟಿಗೆಯನ್ನು ಎರಡು ಮೂರು ಸೆಂ.ಮೀ. ಮೇಲೆ ಹಿಡಿದು ಹಬೆ ಬಿಡಿ, ಪೆಟ್ಟಿಗೆ ಪಕ್ಕಕ್ಕಿಟ್ಟು ಹೊಲಿಗೆಯನ್ನು ಬೆರಳಲ್ಲಿ ತಟ್ಟಿ ಕೂರಿಸಿ. ದೊಡ್ಡದಾದರೆ ಬಿಚ್ಚುವುದೇ ದಾರಿ. ಬಿಚ್ಚುವಾಗ ನಿಧಾನ: ದಾರ ರೋಮದೊಳಗೆ ಹುದುಗಿರುತ್ತದೆ, ಕತ್ತರಿ ತುದಿ ಬಟ್ಟೆಗೇ ತಗಲುವುದು ಸುಲಭ.

ಪ್ರಶ್ನೆ: ಮುಂಭಾಗದ ಜಿಪ್ ಹಾವಿನಂತೆ ತಿರುಚಿಕೊಂಡಿದೆ.

ಉತ್ತರ: ಜಿಪ್ ಹಿಗ್ಗುವುದಿಲ್ಲ, ಬಟ್ಟೆ ಹಿಗ್ಗುತ್ತದೆ. ಆದ್ದರಿಂದ ಜಿಪ್ ಕೂರುವ ಅಂಚಿನ ಒಳಬದಿಗೆ 2.5 ಸೆಂ.ಮೀ. ಅಗಲದ, ಹಿಗ್ಗದ ತೆಳು ಬಟ್ಟೆಯ ಪಟ್ಟಿಯನ್ನು ಕೈಹೊಲಿಗೆಯಲ್ಲಿ ಜೋಡಿಸಿ. ಅಂಟಿಸುವ ಕ್ಯಾನ್ವಾಸ್ ಬೇಡ, ಅದಕ್ಕೆ ಬಿಸಿ ಬೇಕು. ಜಿಪ್‌ಗೂ ಅಂಚಿಗೂ 5 ಸೆಂ.ಮೀ.ಗೊಂದು ಗುರುತು ಹಾಕಿ, ಗುರುತಿಗೆ ಗುರುತು ಸೇರಿಸಿ ಟಾಕು ಹಾಕಿ. ಎರಡೂ ಕಡೆ ಕೆಳಗಿನಿಂದ ಮೇಲಕ್ಕೇ ಹೊಲಿಯಿರಿ. ಒಂದನ್ನು ಮೇಲಿನಿಂದ ಶುರುಮಾಡಿದರೆ ಎರಡು ಬದಿ ಎದುರುಬದುರಾಗಿ ಸರಿದು ಕಾಲರ್ ಏರುಪೇರಾಗುತ್ತದೆ.

ಪ್ರಶ್ನೆ: ಯಾವ ಮಗ್ಗುಲು ಮೇಲ್ಭಾಗ?

ಉತ್ತರ: ಅಡ್ಡಲಾಗಿ ಕತ್ತರಿಸಿದ ಅಂಚನ್ನು ಹಿಡಿದು ಅಗಲಕ್ಕೆ ಎಳೆಯಿರಿ. ಸಾಮಾನ್ಯವಾಗಿ ಅದು ಒಳಮಗ್ಗುಲ ಕಡೆಗೆ ಸುರುಳಿಯಾಗುತ್ತದೆ. ಒಳಮಗ್ಗುಲಿಗೆ ಚಾಕ್‌ನಿಂದ ಬಾಣ ಬರೆದು, ಎಲ್ಲ ತುಂಡುಗಳ ರೋಮ ಒಂದೇ ದಿಕ್ಕಿಗೆ ಇರುವಂತೆ ಕತ್ತರಿಸಿ. ದಿಕ್ಕು ತಪ್ಪಿದ ತೋಳು ಬೇರೆ ಬಣ್ಣದ ಹಾಗೆ ಕಾಣುತ್ತದೆ. ಅಂಚು ಬಿಚ್ಚಿಕೊಳ್ಳದ ಬಟ್ಟೆ ಇದು, ಅಂಚು ಸುತ್ತುವ ಓವರ್‌ಲಾಕ್ ಹೊಲಿಗೆ ಇಲ್ಲದೆಯೂ ನಡೆಯುತ್ತದೆ.